ಸೂಜಿಯ ನಂತರ ನಿಲ್ಲದ ರಕ್ತಸ್ರಾವ: ನುಂಗಿಕೊಂಡು ಕೂರುವುದು ಬೇಡ

(ಸ್ತ್ರೀಶಕ್ತಿ ಸ್ವಸಹಾಯ ಸಂಘಗಳ ತಾಲ್ಲೂಕು ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಬೆಳಿಗ್ಗೆಯಿಂದ ಈ ವೇದಿಕೆಯಲ್ಲಿ ವರದಕ್ಷಿಣೆ, ಹೊಡೆತ ಬಡಿತ, ಸಾರಾಯಿ ಇವುಗಳ ಬಗ್ಗೆ ಮಾತು ನಡೆದಿದೆ. ಈಗ ನಾನು ಮುಟ್ಟಿನ ವಿಷಯ ಎತ್ತಿದರೆ ಕೆಲವರು ಸೆರಗು ಬಾಯಿಗೆ ಅಡ್ಡ ಹಿಡಿದು ನಗಬಹುದು. ಇದಕ್ಕೂ ವರದಕ್ಷಿಣೆಗೂ ಏನು ಸಂಬಂಧ ಎಂದೂ ಕೇಳಬಹುದು. ಸಂಬಂಧ ಇದೆ. ಸಂಘದ ಕೆಲಸಕ್ಕೆಂದು ಊರೂರು ತಿರುಗುವಾಗ ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ಈ ಮಾತು ಹೇಳುತ್ತಿದ್ದೇನೆ. ಮಕ್ಕಳಾಗದಿರಲಿ ಎಂದು ಸೂಜಿ ಹಾಕಿಸಿಕೊಂಡ ಹೆಂಗಸಿಗೆ ಹದಿನೈದು ದಿನ, ಇಪ್ಪತ್ತು ದಿನ ರಕ್ತ ಹೋಗುತ್ತಲೇ ಇರುತ್ತದೆ. ಅದು ಏಕೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಮನೆಯಲ್ಲಿ ಮೈಲಿಗೆಯೆಂಬ ಗೊಣಗಾಟ ಶುರುವಾಗುತ್ತದೆ, ಆಮೇಲೆ ಸಂಶಯ, ಆಮೇಲೆ ಕೈ ಮೇಲೇಳುತ್ತದೆ. "ರೋಗದವಳನ್ನು ನಮ್ಮ ಕೊರಳಿಗೆ ಕಟ್ಟಿದರು, ಹೋಗು, ನಿನ್ನ ತವರಿನಿಂದ ಆಸ್ಪತ್ರೆ ಖರ್ಚು ತಗೊಂಡು ಬಾ" ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಈ ವಿಷಯ ಈ ಸಭೆಯಲ್ಲೇ ಮಾತಾಡಬೇಕಾದ್ದು.

ನಾನು ವೈದ್ಯಳಲ್ಲ, ನಿಮ್ಮ ಹಾಗೆಯೇ ಸಂಘದವಳು. ಎರಡನೆಯ ಮಗುವಿನ ನಂತರ ಇದೇ ಸೂಜಿ ತೆಗೆದುಕೊಂಡವಳು. ನನಗೂ ಮೊದಲ ನಾಲ್ಕು ತಿಂಗಳು ಇವತ್ತು ನಿಂತಿತು ಅನ್ನುವಷ್ಟರಲ್ಲಿ ನಾಳೆ ಮತ್ತೆ ಶುರುವಾಗುತ್ತಿತ್ತು. ಸೂಜಿ ಚುಚ್ಚಿದವರು ಮೂರು ತಿಂಗಳ ನಂತರ ಬನ್ನಿ ಎಂದಷ್ಟೇ ಹೇಳಿ ಕಳುಹಿಸಿದ್ದರು. ಆಮೇಲೆ ನಾನು ಕೇಳಿ, ಓದಿ, ವೈದ್ಯರ ಬಳಿ ಕೂತು ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಈ ಸೂಜಿ ಬಂದದ್ದು ಹೇಗೆ?

ಸರ್ಕಾರಿ ಆಸ್ಪತ್ರೆಯಲ್ಲಿ ಈಗ ಪುಕ್ಕಟೆಯಾಗಿ ಕೊಡುವ ಸೂಜಿಯ ಹೆಸರು 'ಅಂತರ'. ಅದರೊಳಗಿನ ಔಷಧದ ಹೆಸರು ಡಿಎಂಪಿಎ. ಹೊರಗಡೆ ಅಂಗಡಿಗಳಲ್ಲಿ ಡೆಪೊ ಪ್ರೊವೆರಾ ಎಂಬ ಹೆಸರಿನಲ್ಲಿ ಬಂದದ್ದೂ ಇದೇ ಔಷಧ. ಮೂರು ತಿಂಗಳಿಗೊಮ್ಮೆ ಒಂದು ಸೂಜಿ.

ಇದರ ಹಿಂದೆ ಮಹಿಳಾ ಸಂಘಟನೆಗಳ ಹೋರಾಟದ ಚರಿತ್ರೆಯೊಂದಿದೆ. 1986 ರಲ್ಲಿ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನ, ದೆಹಲಿಯ ಸಹೇಲಿ ಮೊದಲಾದ ಗುಂಪುಗಳು ಸುಪ್ರೀಂ ಕೋರ್ಟಿಗೆ ಹೋದವು. ಆಗಿನ ವಿಷಯ ನೆಟ್-ಎನ್ ಎಂಬ ಇನ್ನೊಂದು ಸೂಜಿ. ಹಳ್ಳಿಯ ಬಡ ಹೆಂಗಸರ ಮೇಲೆ ಅದನ್ನು ಪ್ರಯೋಗ ಮಾಡುವಾಗ, ಇದು ಪ್ರಯೋಗ, ಇದರಿಂದ ಇಂಥಿಂಥ ತೊಂದರೆ ಆಗಬಹುದು ಎಂದು ಅವರಿಗೆ ಸರಿಯಾಗಿ ತಿಳಿಸಿಲ್ಲ ಎಂಬುದು ಅವರ ಆಕ್ಷೇಪಣೆ. 1994 ರಲ್ಲಿ ಡೆಪೊ ಪ್ರೊವೆರಾ ಖಾಸಗಿ ಮಾರುಕಟ್ಟೆಗೆ ಬಂದಾಗಲೂ ಇಂಥದೇ ಪ್ರತಿಭಟನೆ ನಡೆಯಿತು. ಕೊನೆಗೆ 2017 ರಲ್ಲಿ ಕೇಂದ್ರ ಸರ್ಕಾರ ತನ್ನ ಕುಟುಂಬ ಯೋಜನೆ ಕಾರ್ಯಕ್ರಮದಲ್ಲಿ 'ಅಂತರ' ಎಂಬ ಹೆಸರಿನಲ್ಲಿ ಇದನ್ನು ಸೇರಿಸಿತು.

ಸೂಜಿ ಒಳ್ಳೆಯದು ತಗೊಳ್ಳಿ, ಕೆಟ್ಟದ್ದು ಬಿಡಿ ಎಂದು ತೀರ್ಪು ಕೊಡಲು ನಾನು ಬಂದಿಲ್ಲ. ಇದರಿಂದ ಅನುಕೂಲ ಕಂಡ ಹೆಂಗಸರು ಇದ್ದಾರೆ, ನರಳಿದವರೂ ಇದ್ದಾರೆ. ಆ ಹೋರಾಟದ ಮುಖ್ಯ ಮಾತು ಒಂದೇ: ಹೆಣ್ಣಿನ ಮೈಯೊಳಗೆ ಹೋಗುವ ಔಷಧದ ಬಗ್ಗೆ ಹೆಣ್ಣಿಗೆ ಮೊದಲೇ ಪೂರ್ತಿ ಹೇಳಬೇಕು. ಆ ಮಾತು ಇವತ್ತಿಗೂ ಹಳತಾಗಿಲ್ಲ.

ರಕ್ತ ಏಕೆ ಹೋಗುತ್ತದೆ?

ನಮ್ಮ ಗರ್ಭಕೋಶದ ಒಳಗೋಡೆಯ ಮೇಲೆ ಪ್ರತಿ ತಿಂಗಳೂ ಒಂದು ಪದರ ಬೆಳೆಯುತ್ತದೆ. ಮಣ್ಣಿನ ಗೋಡೆಗೆ ದಪ್ಪಗೆ ಮೆತ್ತಿ ಸಾರಿಸುತ್ತೇವಲ್ಲ, ಹಾಗೆ. ಗರ್ಭ ನಿಲ್ಲದಿದ್ದರೆ ಆ ಪದರ ಕಳಚಿ, ನಾಲ್ಕೈದು ದಿನ ರಕ್ತದ ಜೊತೆ ಹೊರಗೆ ಬರುತ್ತದೆ. ಅದೇ ಮುಟ್ಟು. ದೇಹದಲ್ಲೇ ಹುಟ್ಟುವ ಹಾರ್ಮೋನು ಎಂಬ ರಸಗಳು ಏರಿ ಇಳಿದು ಈ ಕೆಲಸವನ್ನು ನಡೆಸುತ್ತವೆ.

ಸೂಜಿಯಲ್ಲಿರುವುದೂ ಹಾರ್ಮೋನೇ. ಅದು ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ. ಗರ್ಭಕೋಶದ ಬಾಯಲ್ಲಿರುವ ಲೋಳೆಯನ್ನು ಗಟ್ಟಿ ಮಾಡುತ್ತದೆ. ಒಳಗಿನ ಪದರವನ್ನು ತೆಳ್ಳಗೆ ಮಾಡುತ್ತದೆ. ಈ ತೆಳು ಪದರ ತಿಂಗಳಿಗೊಮ್ಮೆ ಪೂರ್ತಿ ಕಳಚುವ ಬದಲು, ಸುಣ್ಣ ಉದುರುವ ಗೋಡೆಯ ಹಾಗೆ ಇವತ್ತು ಇಲ್ಲಿ ಸ್ವಲ್ಪ, ನಾಳೆ ಅಲ್ಲಿ ಸ್ವಲ್ಪ ಉದುರುತ್ತದೆ. ಅದರೊಳಗಿನ ಸಣ್ಣ ರಕ್ತನಾಳಗಳೂ ನಾಜೂಕಾಗಿ ಸೋರುತ್ತವೆ. ಅದಕ್ಕೇ ಹೊತ್ತಿಲ್ಲದ ಹೊತ್ತಿನಲ್ಲಿ ಚುಕ್ಕೆ ಚುಕ್ಕೆಯಾಗಿ ಅಥವಾ ಬಿಡದೆ ಹಲವು ದಿನ ರಕ್ತ ಹೋಗುವುದು.

ಇದು ಹೆಚ್ಚಾಗಿ ಮೊದಲ ಮೂರರಿಂದ ಆರು ತಿಂಗಳು. ಸೂಜಿ ಮುಂದುವರಿಸಿದವರಲ್ಲಿ ಬಹಳ ಜನಕ್ಕೆ ಆಮೇಲೆ ಕಡಿಮೆಯಾಗುತ್ತದೆ. ಒಂದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಹೆಂಗಸರಿಗೆ ಮುಟ್ಟೇ ನಿಲ್ಲುತ್ತದೆ. ಆಗ ಇನ್ನೊಂದು ಭಯ ಶುರುವಾಗುತ್ತದೆ: "ಕೆಟ್ಟ ರಕ್ತವೆಲ್ಲ ಒಳಗೇ ಕಟ್ಟಿಕೊಂಡಿದೆ, ಗಡ್ಡೆಯಾಗುತ್ತದೆ, ತಲೆಗೆ ಏರುತ್ತದೆ." ಹಾಗೇನೂ ಇಲ್ಲ. ಪದರವೇ ಬೆಳೆಯದಿದ್ದಾಗ ಹೊರಗೆ ಹೋಗಲು ಏನೂ ಇರುವುದಿಲ್ಲ. ಮುಟ್ಟಿನ ರಕ್ತ ಕೆಟ್ಟ ರಕ್ತವೂ ಅಲ್ಲ. ಆದರೆ ಸೂಜಿಯ ದಿನ ತಪ್ಪಿಸಿದವರು, ಮುಟ್ಟು ನಿಂತರೆ ಗರ್ಭ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಈ ರಕ್ತಸ್ರಾವದಿಂದ ಬಂಜೆತನ ಬರುವುದಿಲ್ಲ. ಸೂಜಿ ಬಿಟ್ಟ ಮೇಲೆ ಗರ್ಭ ನಿಲ್ಲುವುದು ಮಾತ್ರ ತಡವಾಗುತ್ತದೆ. ಕೊನೆಯ ಸೂಜಿಯಿಂದ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಏಳರಿಂದ ಹತ್ತು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ. ಬೇಗನೆ ಇನ್ನೊಂದು ಮಗು ಬೇಕೆನ್ನುವವರು ಇದನ್ನು ತಿಳಿದೇ ಸೂಜಿಗೆ ಒಪ್ಪಬೇಕು. ಇಲ್ಲದಿದ್ದರೆ ಆ ತಡಕ್ಕೂ ಸೊಸೆಯ ತಲೆಗೇ ಬಂಜೆಯೆಂಬ ಪಟ್ಟ ಕಟ್ಟುತ್ತಾರೆ.

ಗುಳಿಗೆ ನುಂಗುವವರಿಗೂ ಒಂದು ಮಾತು. ಸರ್ಕಾರ ಪುಕ್ಕಟೆ ಕೊಡುವ ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆ ಇರುತ್ತವೆ. 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಇದರಲ್ಲೂ ಮೊದಲ ಎರಡು ಮೂರು ತಿಂಗಳು ನಡುನಡುವೆ ರಕ್ತ ಕಾಣಬಹುದು. ಒಂದೆರಡು ದಿನ ಗುಳಿಗೆ ಮರೆತರೂ ಕಾಣುತ್ತದೆ. ದಿನಾ ಒಂದೇ ಹೊತ್ತಿಗೆ, ರಾತ್ರಿ ಊಟ ಆದ ಮೇಲೆ ಎಂದು ಗೊತ್ತು ಮಾಡಿಕೊಂಡರೆ ಮರೆವು ಕಡಿಮೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧ ಈ ಗುಳಿಗೆಯ ಶಕ್ತಿ ಕುಂದಿಸುತ್ತದೆ. ಟಿ.ಬಿ. ಚಿಕಿತ್ಸೆಯಲ್ಲಿರುವವರು ವೈದ್ಯರಿಗೆ ಗುಳಿಗೆಯ ವಿಷಯ ಹೇಳಲೇಬೇಕು.

ಸಹಿಸುವುದೇ ಮದ್ದಲ್ಲ

ಹೆಚ್ಚಿನವರಿಗೆ ಇದು ಅಪಾಯವಲ್ಲ ಎಂದೆ. ಅಪಾಯವಲ್ಲ ಎಂದರೆ ತೊಂದರೆಯೇ ಅಲ್ಲ ಎಂದಲ್ಲ. ಹೊಲದಲ್ಲಿ ಕಳೆ ತೆಗೆಯುವವಳು, ಗಾರ್ಮೆಂಟಿನಲ್ಲಿ ಹೊಲಿಗೆ ಯಂತ್ರದ ಮುಂದೆ ಎದ್ದು ಹೋಗಲು ಬಿಡುವಿಲ್ಲದೆ ಕೂರುವವಳು, ಬಟ್ಟೆ ಬದಲಾಯಿಸಲು ಮರೆ ಇಲ್ಲದವಳು ಇಪ್ಪತ್ತು ದಿನ ರಕ್ತ ಹೋಗುವುದನ್ನು ಹೇಗೆ ತಡೆದುಕೊಳ್ಳಬೇಕು? "ಅದೆಲ್ಲ ಸಹಜ, ಹೋಗಮ್ಮ" ಎಂದು ಆಸ್ಪತ್ರೆಯವರು ಹೇಳಿದರೆ ನಾವು ಎದ್ದು ಬರಬಾರದು. ಇದಕ್ಕೆ ಚಿಕಿತ್ಸೆ ಇದೆ, ಕೊಡಿ ಎಂದು ಕೇಳಬೇಕು.

ಮೊದಲನೆಯದು, ಬರೆದಿಡಿ. ಉಳಿತಾಯದ ಪುಸ್ತಕದಲ್ಲಿ ವಾರವಾರ ಲೆಕ್ಕ ಬರೆಯುವ ನಮಗೆ ಇದು ಕಷ್ಟವಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಸೂಜಿ ಹಾಕಿಸಿದ ದಿನಕ್ಕೆ ಒಂದು ಗುರುತು. ರಕ್ತ ಕಂಡ ದಿನಗಳಿಗೆ ಗೆರೆ, ಹೆಚ್ಚು ಹೋದ ದಿನಕ್ಕೆ ಎರಡು ಗೆರೆ, ಬರೀ ಚುಕ್ಕೆ ಕಂಡರೆ ಚುಕ್ಕೆ. ಅಕ್ಷರ ಬಾರದವರೂ ಮಾಡಬಹುದು. ವೈದ್ಯರ ಮುಂದೆ "ಬಾಳ ದಿನ ಹೋಗ್ತದೆ ಡಾಕ್ಟ್ರೆ" ಎನ್ನುವುದಕ್ಕೂ ಈ ಗುರುತು ತೋರಿಸುವುದಕ್ಕೂ ಬಹಳ ವ್ಯತ್ಯಾಸ.

ಎರಡನೆಯದು, ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ, ಅಂದರೆ 2019-21 ರ, ಲೆಕ್ಕದಂತೆ ಕರ್ನಾಟಕದಲ್ಲಿ 15 ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 48 ರಷ್ಟು ಮಂದಿಗೆ ರಕ್ತ ಕಡಿಮೆ. ಮೊದಲೇ ರಕ್ತವಿಲ್ಲದ ಮೈ. ಅದರ ಮೇಲೆ ದಿನವೂ ಸ್ವಲ್ಪ ಸ್ವಲ್ಪ ಸೋರಿದರೆ? ಹಿಮೋಗ್ಲೋಬಿನ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಬಹುದು. ಬಸುರಿಯಲ್ಲದ ಹೆಂಗಸಿಗೆ ಅದು 12 ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣದ ಗುಳಿಗೆಯನ್ನು ಹೇಳಿದಷ್ಟು ದಿನ ನುಂಗಿ. ಮಲ ಕಪ್ಪಾದರೆ ಹೆದರಬೇಡಿ. ನುಗ್ಗೆಸೊಪ್ಪು, ಹುರುಳಿ, ರಾಗಿ ಉಣ್ಣಿ, ತಿನ್ನುವವರಾದರೆ ಮಾಂಸ, ಮೀನು, ಈಲಿ ತಿನ್ನಿ. ಜೊತೆಗೆ ನಿಂಬೆಹಣ್ಣೋ ನೆಲ್ಲಿಕಾಯಿಯೋ ಇರಲಿ, ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಹತ್ತುವುದಿಲ್ಲ. ಗಂಡ ಮಕ್ಕಳಿಗೆ ಬಡಿಸಿ ತಳದಲ್ಲಿ ಉಳಿದದ್ದನ್ನು ಉಣ್ಣುವ ನಮ್ಮ ಪದ್ಧತಿಯನ್ನು ಇಂಥ ತಿಂಗಳುಗಳಲ್ಲಾದರೂ ಬಿಡಬೇಕು.

ಮೂರನೆಯದು, ಔಷಧ. ರಕ್ತಸ್ರಾವ ತೊಂದರೆ ಕೊಡುತ್ತಿದ್ದರೆ ಐಬುಪ್ರೊಫೇನ್ ಅಥವಾ ಮೆಫೆನಾಮಿಕ್ ಆಸಿಡ್ ಗುಳಿಗೆಯನ್ನು ಸುಮಾರು ಐದು ದಿನ ಕೊಡುತ್ತಾರೆ. ಕೆಲವರಿಗೆ ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತಾರೆ. ಇನ್ನು ಕೆಲವರಿಗೆ ಸ್ವಲ್ಪ ದಿನದ ಮಟ್ಟಿಗೆ ಮಾಲಾ-ಎನ್ ಬಗೆಯ ಗುಳಿಗೆ ಕೊಟ್ಟು ರಕ್ತ ನಿಲ್ಲಿಸುತ್ತಾರೆ. ಇವನ್ನು ವೈದ್ಯರು ನೋಡಿಯೇ ಕೊಡಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರಿಗೆ ಐಬುಪ್ರೊಫೇನ್ ಆಗುವುದಿಲ್ಲ. ರಕ್ತದೊತ್ತಡ ಇರುವವರಿಗೆ, ಎಳೆ ಮಗುವಿಗೆ ಹಾಲೂಡಿಸುವವರಿಗೆ ಮಾಲಾ-ಎನ್ ಸಲ್ಲದು. ಪಕ್ಕದ ಮನೆಯವಳಿಗೆ ಬರೆದುಕೊಟ್ಟ ಚೀಟಿ ಹಿಡಿದು ಅಂಗಡಿಗೆ ಹೋಗಬೇಡಿ. ಔಷಧದಿಂದ ನಿಂತ ರಕ್ತ ಕೆಲವರಿಗೆ ಮತ್ತೆ ಬರಬಹುದು, ಅದನ್ನೂ ತಿಳಿದಿರಿ. ಮುಂದಿನ ಸೂಜಿಯನ್ನು ಬೇಗನೆ ಹಾಕಿಸಿಕೊಂಡರೆ ರಕ್ತ ನಿಲ್ಲುತ್ತದೆ ಎನ್ನುವುದೂ ಸರಿಯಲ್ಲ.

ನಾಲ್ಕನೆಯದು, ಬಿಡುವ ಸ್ವಾತಂತ್ರ್ಯ. ಒಮ್ಮೆ ಮೈಯೊಳಗೆ ಹೋದ ಸೂಜಿಯನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಅದರ ಪರಿಣಾಮ ತಾನಾಗಿ ಇಳಿಯಬೇಕು. ಆದರೆ ಮುಂದಿನ ಸೂಜಿ ಬೇಡ ಎನ್ನುವ ಹಕ್ಕು ನಿಮ್ಮದು. ಬಿಡುವುದಾದರೆ ಬೇರೆ ವಿಧಾನವನ್ನು ಕೈಯಲ್ಲಿ ಹಿಡಿದು ಬಿಡಿ. ಸುಮ್ಮನೆ ಬಿಟ್ಟು, ಬೇಡದ ಬಸಿರು ನಿಂತು, ನಾಟಿ ಔಷಧಕ್ಕೆ ಹೋದವರ ಕಷ್ಟ ನಾವೆಲ್ಲ ನೋಡಿದ್ದೇವೆ. ವಂಕಿ ಅಂದರೆ ಕಾಪರ್-ಟಿ ಯಲ್ಲಿ ಹಾರ್ಮೋನು ಇಲ್ಲ. ಅದರಲ್ಲಿ ಮುಟ್ಟು ತಿಂಗಳು ತಿಂಗಳೇ ಆಗುತ್ತದೆ, ಆದರೆ ಮೊದಮೊದಲು ಹೆಚ್ಚು ಹೋಗಬಹುದು. 'ಛಾಯಾ' ಎಂಬ ಗುಳಿಗೆಯಲ್ಲೂ ಹಾರ್ಮೋನು ಇಲ್ಲ. ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ದೇಶದಲ್ಲೇ ಕಂಡುಹಿಡಿದದ್ದು ಅದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಅದರಲ್ಲಿ ಕೆಲವರಿಗೆ ಮುಟ್ಟು ತಡವಾಗಿ ಬರುತ್ತದೆ. ನಿರೋಧ್ ಗಂಡನದು, ಅದಕ್ಕೆ ಮತ್ತೆ ಬರುತ್ತೇನೆ.

ಯಾವಾಗ ತಡ ಮಾಡಬಾರದು?

ಎಲ್ಲ ರಕ್ತಸ್ರಾವವನ್ನೂ ಸೂಜಿಯ ತಲೆಗೆ ಕಟ್ಟಬಾರದು. ಸೂಜಿ ಹಾಕಿಸಿಕೊಂಡವಳಿಗೆ ಬೇರೆ ಕಾಯಿಲೆ ಬರಬಾರದು ಅಂತೇನೂ ಇಲ್ಲವಲ್ಲ. ಈ ಗುರುತುಗಳು ಕಂಡರೆ ಅದೇ ದಿನ ಹೊರಡಿ:

ಗಂಟೆಗೊಂದು ಬಟ್ಟೆ ಅಥವಾ ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆ ಹಾಗೇ ಮುಂದುವರಿದರೆ.

ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ, ನಾಲ್ಕು ಹೆಜ್ಜೆಗೆ ಏದುಸಿರು, ಎದೆ ಡವಗುಟ್ಟಿದರೆ.

ಕಿಬ್ಬೊಟ್ಟೆಯಲ್ಲಿ ತಡೆಯಲಾರದ ನೋವು, ಜ್ವರ, ವಾಸನೆಯ ಬಿಳಿಸೆರಗು ಇದ್ದರೆ.

ಬಸುರಿನ ಸಂಶಯವಿದ್ದು ರಕ್ತ ಹೋದರೆ, ಅದರಲ್ಲೂ ಹೊಟ್ಟೆಯ ಒಂದೇ ಮಗ್ಗುಲಲ್ಲಿ ನೋವಿದ್ದರೆ. ಗರ್ಭ ನಾಳದಲ್ಲಿ ನಿಂತಿರಬಹುದು, ಅದು ಜೀವಕ್ಕೇ ಅಪಾಯ.

ಇವಲ್ಲದೆ, ಎಂಟು ದಿನಕ್ಕಿಂತ ಹೆಚ್ಚು ರಕ್ತ ಹೋದರೆ, ಇಲ್ಲವೆ ಎಂದಿನ ಎರಡರಷ್ಟು ಹೋದರೆ ಆ ವಾರದಲ್ಲೇ ತೋರಿಸಿಕೊಳ್ಳಿ. ಗಂಡನ ಜೊತೆ ಮಲಗಿದ ಮೇಲೆ ರಕ್ತ ಕಂಡರೆ, ಹಲವು ತಿಂಗಳು ಸರಿಯಾಗಿದ್ದು ಇದ್ದಕ್ಕಿದ್ದಂತೆ ಶುರುವಾದರೆ ಒಳಗಿನ ಪರೀಕ್ಷೆ ಆಗಲೇಬೇಕು. ಸೋಂಕು, ಗಡ್ಡೆ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇವೂ ರಕ್ತದ ರೂಪದಲ್ಲೇ ಕಾಣಿಸಿಕೊಳ್ಳುತ್ತವೆ. ಸೂಜಿಗೆ ಮೊದಲೇ ಕಾರಣ ಗೊತ್ತಿಲ್ಲದೆ ರಕ್ತ ಹೋಗುತ್ತಿದ್ದವರು ಅದನ್ನು ಮುಚ್ಚಿಡದೆ ಹೇಳಬೇಕು. ಕಾರಣ ಗೊತ್ತಾಗುವವರೆಗೆ ಸೂಜಿ ಹಾಕಿಸಬಾರದು.

ಇಲ್ಲಿಯೇ ಒಂದು ಎಚ್ಚರಿಕೆ. "ಪದೇ ಪದೇ ಯಾಕೆ ತೊಂದರೆ, ಗರ್ಭಕೋಶವನ್ನೇ ತೆಗೆಸಿಬಿಡಿ" ಎನ್ನುವ ಖಾಸಗಿ ಆಸ್ಪತ್ರೆಗಳಿವೆ. ಕಲಬುರಗಿ ಜಿಲ್ಲೆಯಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಸಿಕೊಂಡ ದಲಿತ, ಲಂಬಾಣಿ ಹೆಂಗಸರು 2015 ರಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಹೊಟ್ಟೆನೋವು, ಬಿಳಿಸೆರಗು, ರಕ್ತಸ್ರಾವ ಎಂದು ಹೋದವರನ್ನು ಕ್ಯಾನ್ಸರ್ ಹೆಸರಿನಲ್ಲಿ ಹೆದರಿಸಿದ ದೂರುಗಳು ಅಲ್ಲಿ ಹೊರಬಂದವು. ಬಿಹಾರ, ರಾಜಸ್ಥಾನ, ಛತ್ತೀಸಗಢಗಳ ಇಂಥದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023 ರಲ್ಲಿ ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ನಿಯಮಗಳನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಹೇಳಿದೆ. ಸೂಜಿಯ ರಕ್ತಸ್ರಾವಕ್ಕೆ ಗರ್ಭಕೋಶ ತೆಗೆಯುವುದು ಮದ್ದಲ್ಲ. ಯಾರಾದರೂ ಹಾಗೆ ಹೇಳಿದರೆ ಸಾಲ ಮಾಡುವ ಮೊದಲು, ಓಲೆ ಅಡವಿಡುವ ಮೊದಲು, ಸರ್ಕಾರಿ ಜಿಲ್ಲಾಸ್ಪತ್ರೆಯ ಇನ್ನೊಬ್ಬ ವೈದ್ಯರನ್ನು ಕೇಳಿ. ಸಂಘದಿಂದ ಸಾಲ ಕೇಳಲು ಬಂದವಳನ್ನೂ ಮೊದಲು ಈ ಪ್ರಶ್ನೆ ಕೇಳಿ.

ಮನೆಯೊಳಗೆ ನಡೆಯುವುದು

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಹೆಂಗಸರು ಈ ಸೂಜಿಯನ್ನು ಆರಿಸಿಕೊಳ್ಳುವುದು ಏಕೆ ಗೊತ್ತೆ? ಬಹಳ ಮಂದಿ ನನಗೆ ಹೇಳಿದ ಕಾರಣ ಒಂದೇ, "ಯಾರಿಗೂ ಗೊತ್ತಾಗೋದಿಲ್ಲ ಅಕ್ಕ." ಗುಳಿಗೆ ಪಟ್ಟಿಯನ್ನು ಟ್ರಂಕಿನಲ್ಲಿ ಬಚ್ಚಿಟ್ಟರೆ ಅತ್ತೆಯ ಕೈಗೆ ಸಿಗುತ್ತದೆ. ನಿರೋಧ್ ಮಾತೆತ್ತಿದರೆ ಗಂಡ ಹೊಡೆಯುತ್ತಾನೆ. ಆಪರೇಷನ್‌ಗೆ ಇನ್ನೂ ಗಂಡು ಮಗು ಆಗಿಲ್ಲ ಎನ್ನುತ್ತಾರೆ. ಆಗ ಅವಳಿಗೆ ಉಳಿಯುವುದು ಸೂಜಿ. ಮಕ್ಕಳು ಯಾವಾಗ, ಎಷ್ಟು ಎಂದು ಹೇಳುವ ಹಕ್ಕು ಮನೆಯಲ್ಲಿಲ್ಲದ ಹೆಣ್ಣು ಕದ್ದುಮುಚ್ಚಿ ಆ ಹಕ್ಕನ್ನು ಪಡೆದುಕೊಳ್ಳುತ್ತಾಳೆ. ಆದರೆ ಈ ರಕ್ತ ಅವಳ ಗುಟ್ಟನ್ನು ಬಯಲು ಮಾಡುತ್ತದೆ.

ಹದಿನೈದು ದಿನ ಹೊರಗೆ ಕೂತರೆ ಅಡಿಗೆ ಯಾರು ಮಾಡಬೇಕು, ದೇವರ ದೀಪ ಯಾರು ಹಚ್ಚಬೇಕು ಎಂದು ಅತ್ತೆ ಸಿಡುಕುತ್ತಾಳೆ. ಹಬ್ಬ, ಮದುವೆ, ಜಾತ್ರೆಯ ಹೊತ್ತಿನಲ್ಲಿ ಇದು ದೊಡ್ಡ ರಂಪ. ಮೈಮುಟ್ಟಲು ಬಿಡಲಿಲ್ಲವೆಂದು ಗಂಡ ರಾತ್ರಿ ಜಗಳ ತೆಗೆಯುತ್ತಾನೆ. ಸೂಜಿಯ ವಿಷಯ ಗೊತ್ತಾದರೆ "ಯಾರನ್ನು ಕೇಳಿ ಹಾಕಿಸಿಕೊಂಡೆ, ಯಾರಿಗೋಸ್ಕರ ಹಾಕಿಸಿಕೊಂಡೆ" ಎಂದು ಶೀಲದ ಮೇಲೆ ಸಂಶಯ. ಮುಟ್ಟು ನಿಂತರೆ ಇನ್ನೊಂದು ಬಗೆಯ ಸಂಶಯ. ನಾನು ಹೋದ ಒಂದು ಊರಿನಲ್ಲಿ ಮದುವೆಯಾಗಿ ಮೂರು ವರ್ಷವಾಗಿದ್ದ ಒಬ್ಬ ತಂಗಿಯನ್ನು ಇದೇ ಕಾರಣಕ್ಕೆ ತವರಿಗೆ ಅಟ್ಟಿದ್ದರು. ಕೊಡುವುದಾಗಿ ಹೇಳಿ ಕೊಡದೆ ಉಳಿದಿದ್ದ ವರದಕ್ಷಿಣೆಯ ಬಾಕಿ ಅಲ್ಲಿ ಮತ್ತೆ ತಲೆಯೆತ್ತಿತು. "ಬಾಕಿ ಹಣವನ್ನು ಚಿಕಿತ್ಸೆಗೆ ಎಂದಾದರೂ ಕೊಡಿ, ಇಲ್ಲದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ" ಎಂದರು. ರಕ್ತಸ್ರಾವ ಒಂದು ನೆಪ, ಮನಸ್ಸಿನಲ್ಲಿದ್ದದ್ದು ದುಡ್ಡು. ಅಲ್ಲಿಯ ಸಂಘದ ಹೆಂಗಸರು ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಆ ಮನೆಗೆ ಹೋಗಿ, ಇದು ರೋಗವಲ್ಲ, ಔಷಧದ ಪರಿಣಾಮ ಎಂದು ಅತ್ತೆ ಗಂಡ ಇಬ್ಬರಿಗೂ ಬಿಡಿಸಿ ಹೇಳಿದರು. ದುಡ್ಡು ಕೇಳಿದರೆ ಪೊಲೀಸ್ ಠಾಣೆಯಲ್ಲಿ ಮಾತಾಡೋಣ ಎಂದೂ ಹೇಳಿದರು. ಆ ಹುಡುಗಿ ತಾನೇ ಬಯಸಿ, ಸಂಘದವರ ಜೊತೆಯಲ್ಲಿ ಮನೆಗೆ ಮರಳಿದಳು. ಅವಳ ಮನೆಗೆ ಸಂಘದವರ ಹೋಗಿಬರುವಿಕೆ ನಿಂತಿಲ್ಲ.

ಅದೇ ಸಮೀಕ್ಷೆ ಇನ್ನೊಂದು ಲೆಕ್ಕವನ್ನೂ ಕೊಡುತ್ತದೆ. ಕರ್ನಾಟಕದಲ್ಲಿ ಮದುವೆಯಾದ 18 ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ದೌರ್ಜನ್ಯ ಅನುಭವಿಸಿದವರು. ದೊಡ್ಡ ರಾಜ್ಯಗಳ ನಡುವೆ ನಮ್ಮದೇ ಮುಂದು. ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡ ಹೆಂಡತಿಯರು ನೂರಕ್ಕೆ 57. ಗಂಡಸರ ಆಪರೇಷನ್ ಸೊನ್ನೆಯ ಹತ್ತಿರ. ಗಂಡಸರಿಗೆ ಹೊಲಿಗೆಯಿಲ್ಲದ, ಕೆಲವೇ ನಿಮಿಷದ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಅದರಿಂದ ಗಂಡಸುತನ ಹೋಗುವುದಿಲ್ಲ, ದುಡಿಯುವ ಶಕ್ತಿ ಕುಂದುವುದಿಲ್ಲ. ಆದರೂ ಗುಳಿಗೆ ನಮಗೆ, ವಂಕಿ ನಮಗೆ, ಸೂಜಿ ನಮಗೆ, ಆಪರೇಷನ್ ನಮಗೆ. ಅದರ ರಕ್ತವೂ ನಮ್ಮದೇ, ಅದಕ್ಕೆ ಬೀಳುವ ಪೆಟ್ಟೂ ನಮಗೇ. ಇದು ಯಾವ ನ್ಯಾಯ?

ನಿಮ್ಮ ಹಕ್ಕುಗಳು

ಸೂಜಿ, ಗುಳಿಗೆ, ವಂಕಿ, ಯಾವುದಕ್ಕೂ ಗಂಡನ ಸಹಿ ಬೇಕಿಲ್ಲ. ನಿಮ್ಮ ಒಪ್ಪಿಗೆ ಸಾಕು, ಮತ್ತು ನಿಮ್ಮ ಒಪ್ಪಿಗೆ ಇಲ್ಲದೆ ಕೂಡದು. ಮನೆಯಲ್ಲಿ ಗೊತ್ತಾದರೆ ಅಪಾಯವೆಂದಿದ್ದರೆ ಅದನ್ನು ಆರೋಗ್ಯ ಸಹಾಯಕಿಗೆ ಹೇಳಿ. ಸೂಜಿಯ ಕಾರ್ಡನ್ನು ಉಪಕೇಂದ್ರದಲ್ಲೇ ಇಟ್ಟುಕೊಳ್ಳಲು ಕೇಳಿ. ಮನೆಗೆ ಬಂದು ಹೆಸರು ಕೂಗಬೇಡಿ ಎಂದು ಕೇಳಿ. ಗುಟ್ಟಾಗಿಡಬೇಕೆನ್ನುವವರು ಸೂಜಿಗೆ ಮೊದಲೇ ಒಂದು ಯೋಚನೆ ಮಾಡಬೇಕು: ಮೊದಲ ತಿಂಗಳುಗಳಲ್ಲಿ ರಕ್ತ ಹೆಚ್ಚು ಹೋದರೆ ಮನೆಯಲ್ಲಿ ಏನು ಹೇಳಲಿ, ಯಾರ ಬಳಿ ಹೋಗಲಿ?

2005 ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2006 ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಹೊಡೆಯುವುದು ಮಾತ್ರವಲ್ಲ, ಹೀಯಾಳಿಸುವುದು, ಖರ್ಚಿಗೆ ಕೊಡದಿರುವುದು, ಮೈಮೇಲೆ ಬಲವಂತ ಮಾಡುವುದು ಎಲ್ಲವೂ ಅದರ ಪ್ರಕಾರ ದೌರ್ಜನ್ಯ. ಗಂಡನ ಬಲಾತ್ಕಾರವನ್ನು ಅತ್ಯಾಚಾರವೆಂದು ನಮ್ಮ ದಂಡಸಂಹಿತೆ ಇನ್ನೂ ಒಪ್ಪಿಲ್ಲ. ಆದರೆ ಈ ಕಾಯ್ದೆಯಡಿ ರಕ್ಷಣೆ ಕೇಳಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದರ ಸಂರಕ್ಷಣಾಧಿಕಾರಿಗಳು. ಅಂಗನವಾಡಿ ಶಿಕ್ಷಕಿಯನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ. ತವರಿನಿಂದ ಹಣ ತಾ ಎಂದು ಹಿಂಸಿಸುವುದು ಹಿಂದೆ 498ಎ ಎಂದು ನಾವು ಕರೆಯುತ್ತಿದ್ದ ಅಪರಾಧ. 2024 ರ ಜುಲೈ 1 ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ನೆಯ ಕಲಮು. "ಚಿಕಿತ್ಸೆಗೆ" ಎಂಬ ಹೆಸರು ಹಾಕಿ ಪೀಡಿಸಿ ಕೇಳಿದರೂ ಅದು ಹಿಂಸೆಯೇ. ಮಹಿಳಾ ಸಹಾಯವಾಣಿ 181, ಹಗಲು ರಾತ್ರಿ ಕರೆ ಮಾಡಬಹುದು.

ಸಂಘ ಏನು ಮಾಡಬಹುದು?

ಸಂಘದ ವಾರದ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ ಮುಗಿದ ಮೇಲೆ ಹತ್ತು ನಿಮಿಷ ಈ ಮಾತಿಗೆ ಇರಲಿ. ಆರೋಗ್ಯ ಸಹಾಯಕಿಯನ್ನು ಒಮ್ಮೆ ಸಭೆಗೆ ಕರೆಯಿರಿ. ಸೂಜಿಗೆ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಎಲ್ಲರೂ ಬಾಯಿಪಾಠ ಮಾಡಿಕೊಳ್ಳಿ: ರಕ್ತ ಹೇಗೆ ಹೋಗಬಹುದು? ಹೋದರೆ ಯಾವ ಔಷಧ ಕೊಡುತ್ತೀರಿ? ಬೇಡವೆನಿಸಿದರೆ ಬದಲಿಗೆ ಏನಿದೆ? ಬಿಟ್ಟ ಮೇಲೆ ಗರ್ಭ ನಿಲ್ಲಲು ಎಷ್ಟು ಕಾಲ? ಒಬ್ಬಳೇ ಕೇಳಿದರೆ ಗದರಿಸಬಹುದು, ಇಬ್ಬರು ಜೊತೆಗೆ ಹೋದರೆ ಉತ್ತರ ಬರುತ್ತದೆ.

ಇನ್ನು ಅತ್ತೆಯಂದಿರಾಗಿ ಇಲ್ಲಿ ಕೂತಿರುವ ಅವ್ವಂದಿರೆ, ನಿಮ್ಮಲ್ಲಿ ಒಂದು ಬೇಡಿಕೆ. ನೀವು ಸೊಸೆಯಾಗಿದ್ದ ಕಾಲದಲ್ಲಿ ಹಿತ್ತಲಲ್ಲಿ, ಕೊಟ್ಟಿಗೆಯಲ್ಲಿ ಕೂತ ದಿನಗಳನ್ನು ಮರೆತಿರಲಾರಿರಿ. ಸೊಸೆಗೆ ರಕ್ತ ನಿಲ್ಲುತ್ತಿಲ್ಲವೆಂದು ಗೊತ್ತಾದರೆ ಮೈಲಿಗೆಯ ಮಾತು ಬದಿಗಿಡಿ. "ಬಾರಮ್ಮ, ಆಸ್ಪತ್ರೆಗೆ ಹೋಗಿ ಬರೋಣ" ಎಂದು ಚಪ್ಪಲಿ ಮೆಟ್ಟಿ ಹೊರಡಿ. ನಿಮ್ಮ ಮಗ ಕೈ ಎತ್ತಿದರೆ ಮೊದಲು ಅಡ್ಡ ನಿಲ್ಲಬೇಕಾದವರು ನೀವು.

ತಂಗಿಯರೆ, ರಕ್ತ ಹೋಗುವುದು ನಿಮ್ಮ ತಪ್ಪಲ್ಲ, ಶಾಪವಲ್ಲ, ನಡತೆಗೆಟ್ಟ ಗುರುತೂ ಅಲ್ಲ. ಅದನ್ನು ಬಾಯಿಬಿಟ್ಟು ಹೇಳಿ, ತೋರಿಸಿಕೊಳ್ಳಿ, ಔಷಧ ಕೇಳಿ, ಬೇಡವಾದರೆ ಸೂಜಿ ಬಿಡಿ. ಇದೇ ನೆಪದಲ್ಲಿ ಮೈಮುಟ್ಟಿದವನನ್ನು ಪ್ರಶ್ನಿಸಲು ಸಂಘದ ಬೆಂಬಲ ನಿಮ್ಮ ಹಿಂದೆ ಇರಲಿ. ಇಂದು ಮನೆಗೆ ಹೋದ ಮೇಲೆ ಈ ಸಭೆಗೆ ಬರಲಾಗದ ಒಬ್ಬ ಹೆಣ್ಣುಮಗಳಿಗಾದರೂ ಈ ಮಾತುಗಳನ್ನು ಮುಟ್ಟಿಸಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.